ಆಲಿಕೆಮಣಿ ಕಟ್ಟಿದ ಮನೆ

ಯಾರಾದರೂ ಕೇಳಿಬಿಟ್ಟರೆ?

ಬೆಳಗ್ಗೆಯಿಂದ ಇಂಚರಳ ಎದೆಯಲ್ಲಿ ಕೂತಿದ್ದ ಅಳುಕು ಇಷ್ಟೇ. ಹೊಸ ಮನೆಯನ್ನು ವಶಕ್ಕೆ ತೆಗೆದುಕೊಳ್ಳುವ ಮುನ್ನ ಒಮ್ಮೆ ನೋಡಿಬರಲು ಎಲ್ಲರೂ ಹೊರಟಿದ್ದರು. ಅಲ್ಲಿ ಎಲ್ಲರ ಎದುರಿಗೆ, ‘ನಿನ್ನ ಕೋಣೆಗೆ ಯಾವ ಬಣ್ಣ ಬೇಕಮ್ಮ?’ ಎಂದು ಯಾರಾದರೂ ಕೇಳಿಬಿಟ್ಟರೆ ಏನು ಹೇಳುವುದು? ಉತ್ತರವನ್ನು ಹಿಂದಿನ ದಿನವೇ ದಿನಚರಿಯಲ್ಲಿ ಬರೆದು ನೋಡಿಕೊಂಡಿದ್ದಳು: ‘ಯಾವುದಾದರೂ ಆದೀತು.’ ಬರೆದದ್ದನ್ನು ಬಾಯಲ್ಲಿ ಅನ್ನುವಾಗ ನಾಲಗೆ ತೊದಲದಿದ್ದರೆ ಸಾಕಿತ್ತು. ಸಸ್ಯಶಾಸ್ತ್ರದಲ್ಲಿ ಪದವಿ ಪಡೆದ ಹುಡುಗಿ ಒಂದು ಬಣ್ಣದ ಮಾತಿಗೆ ಹೀಗೆ ಬೆವರುತ್ತಾಳೆಂದರೆ ಯಾರು ನಂಬುತ್ತಾರೆ? ಅವಳಿಗೇ ನಂಬಿಕೆಯಿರಲಿಲ್ಲ. ಆದರೂ ಬೆವರುತ್ತಿದ್ದಳು.

ತುಮಕೂರಿನ ಹೊರಗೆ, ದೇವರಾಯನದುರ್ಗದ ಗುಡ್ಡ ಕಾಣುವ ಹೊಸ ಬಡಾವಣೆಯಲ್ಲಿ ಮನೆ ತಿಳಿಗೆಂಪು ಬಣ್ಣದಲ್ಲಿ ನಿಂತಿತ್ತು. ಅದನ್ನು ಯಾವ ಮೇಸ್ತ್ರಿಯೂ ಕಟ್ಟಿರಲಿಲ್ಲ, ಯಾವ ಎಂಜಿನಿಯರೂ ಅದರ ನಕ್ಷೆ ಬರೆದಿರಲಿಲ್ಲ. ಅದನ್ನು ಕಟ್ಟಿದ್ದು ಆಲಿಕೆಮಣಿ.

ಆಲಿಕೆಮಣಿ ಎಂದರೆ ಅಂಟುವಾಳದ ಕಾಯಿಯಷ್ಟು ದಪ್ಪದ ಒಂದು ಕರಿಯ ಗುಂಡು. ಮನೆ ಬೇಕೆಂದವರು ಅದನ್ನು ತಾವಿರುವ ಹಳೆಯ ಮನೆಯ ಸೂರಿಗೆ ಒಂದು ತಿಂಗಳು ಕಟ್ಟಿಕೊಳ್ಳಬೇಕು. ಮನೆಯಲ್ಲಿ ಹುಟ್ಟುವ ಸದ್ದನ್ನೆಲ್ಲ ಅದು ಕೇಳಿಸಿಕೊಳ್ಳುತ್ತದೆ. ಯಾರು ಎಲ್ಲಿ ಕೂರುತ್ತಾರೆ, ಯಾರ ಮಂಡಿ ಮೆಟ್ಟಿಲಲ್ಲಿ ಲಟಕ್ ಎನ್ನುತ್ತದೆ, ಯಾರು ಯಾರೊಡನೆ ಎಷ್ಟು ಮಾತಾಡುತ್ತಾರೆ ಎಂಬುದೆಲ್ಲ ಅದಕ್ಕೆ ತಿಳಿಯುತ್ತದೆ. ಜನ ತಮಗೆ ಬೇಕೆಂದು ಹೇಳುವುದೇ ಒಂದು, ಬಾಳುವುದೇ ಒಂದು. ಬಾಳುವುದನ್ನು ಕೇಳಿ ಮನೆ ಕಟ್ಟಿದರೆ ತಪ್ಪಾಗದು ಎಂಬುದು ಅದನ್ನು ಕಂಡುಹಿಡಿದ ಡಾಕ್ಟರ್ ವಾಮನ ಬಾಳಿಗರ ವಾದ. ತಿಂಗಳು ಮುಗಿದ ಮೇಲೆ ಮಣಿಯ ಅಪ್ಪಣೆಯಂತೆ ಕಟ್ಟುಯಂತ್ರಗಳು ಮಿದುಗಾರೆಯಲ್ಲಿ ಗೋಡೆ ಎಬ್ಬಿಸುತ್ತವೆ. ಆ ಗಾರೆ ನಿಲ್ಲುವಷ್ಟು ಗಟ್ಟಿ, ತಿದ್ದುವಷ್ಟು ಮೆತ್ತಗೆ. ಮನೆಯ ಯಜಮಾನ ಬಂದು ನೋಡಿ, ಒಪ್ಪಿ, ಹೊಸ್ತಿಲಿನ ಫಲಕಕ್ಕೆ ಹೆಬ್ಬೆಟ್ಟು ಒತ್ತಿದ ಗಳಿಗೆಯಲ್ಲಿ ಗೋಡೆಗಳೊಳಗೆ ವಿದ್ಯುತ್ ಹರಿದು ಎಲ್ಲವೂ ಕಲ್ಲಾಗುತ್ತದೆ. ಆಮೇಲೆ ಒಂದು ಗೂಡನ್ನೂ ಕದಲಿಸುವಂತಿಲ್ಲ.

ಬಾಳಿಗರು ಮಂಗಳೂರಿನವರು. ಮೊದಲ ಕೆಲವು ಮನೆಗಳನ್ನು ತಾವೇ ನಿಂತು ಒಪ್ಪಿಸುವ ಹಟ ಅವರದು. ಗೇಟಿನ ಬಳಿ ನಿಂತಿದ್ದ ತಮ್ಮ ಸೇವಾಯಂತ್ರಕ್ಕೆ, “ಪೆಟ್ಟಿಗೆ ಒಳಗೆ ತೆಗೆದುಕೊಂಡು ಹೋಗು” ಎಂದರು.

“ಹೂಂ” ಎಂದಿತು ಯಂತ್ರ.

ಇಂಚರಳ ಅಜ್ಜಿ ನಂಜಮ್ಮ ಸೆರಗು ಬಾಯಿಗೆ ಒತ್ತಿ, ಮಗನ ಕಡೆ ತಿರುಗಿ ನಕ್ಕುಬಿಟ್ಟರು. “ಅಯ್ಯೋ ಶಿವನೇ, ಥೇಟ್ ನಮ್ಮ ಇಂಚೂ ಥರಾನೇ ಅನ್ನತ್ತಲ್ಲೋ ಗಂಗಾ!”

ಎಲ್ಲರೂ ನಕ್ಕರು. ಇಂಚರಳೂ ನಕ್ಕಳು.

“ಅದನ್ನು ಹಾಗೆ ಅನ್ನಿಸಬೇಕಾಯಿತು ಅಮ್ಮಾ” ಎಂದರು ಬಾಳಿಗರು. “ಮೊದಮೊದಲು ಈ ಯಂತ್ರಗಳು ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದವು. ನಮ್ಮ ಜನಕ್ಕೆ ಸಮಾಧಾನವೇ ಇಲ್ಲ ಮಾರಾಯ್ರೆ! ಹೂಂ ಅನ್ನದಿದ್ದರೆ ಕೇಳಿಸಿಕೊಳ್ಳಲೇ ಇಲ್ಲ ಅಂತ ಹತ್ತು ಸಲ ಹೇಳುವುದು. ಕೊನೆಗೆ ಎಲ್ಲ ಕಂಪನಿಯವರೂ ಹೂಂ ಸೇರಿಸಿದರು.”

ಅಪ್ಪ ಗಂಗಾಧರಯ್ಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಕೈಯಲ್ಲಿ ಮೈಕು ಇಲ್ಲದಾಗಲೂ ಇದೆ ಎಂದೇ ಮಾತಾಡುವವರು. “ನಡೀರಿ ನಡೀರಿ, ರಾಹುಕಾಲ ಬರೋಕ್ಮುಂಚೆ ಹೆಬ್ಬೆಟ್ಟು ಒತ್ತಬೇಕು” ಎಂದು ಮುಂದೆ ನಡೆದರು. ಬಾಗಿಲು ತಾನಾಗಿ ಸರಿದು, “ಬನ್ನಿ ಗಂಗಾಧರಯ್ಯನವರೇ” ಎಂದಿತು. ಹಿಂದೆಯೇ ಬಂದ ಅಮ್ಮನಿಗೆ, “ಬನ್ನಿ ಸರ್ವಮಂಗಳಾ” ಎಂದಿತು. ಅಜ್ಜಿ ಬಲಗಾಲಿಟ್ಟಾಗ ಹೊಸ್ತಿಲೇ ತುಸು ತಗ್ಗಿ ದಾರಿ ಕೊಟ್ಟಿತು. ಅಮ್ಮನ ಕಂಕುಳಲ್ಲಿದ್ದ ಬೆಕ್ಕಿಗೂ, “ಬಾ ಬೆಲ್ಲ” ಎಂಬ ಸ್ವಾಗತ ಸಿಕ್ಕಿತು.

ಇಂಚರ ಹೆಜ್ಜೆ ಎತ್ತಿದಳು. ಬಾಗಿಲು ಅವಳ ಮೂಗಿನ ಮುಂದೆ ಮುಚ್ಚಿಕೊಂಡಿತು.

ಅವಳು ಅಲ್ಲೇ ನಿಂತಳು. ತಟ್ಟಬೇಕೆನಿಸಿತು, ತಟ್ಟಲಿಲ್ಲ. ಪೆಟ್ಟಿಗೆ ಹೊತ್ತ ಸೇವಾಯಂತ್ರ ಹಿಂದಿನಿಂದ ಬಂದು ಬಾಗಿಲ ಮುಂದೆ ನಿಂತಾಗ ಅದು ಸರಿಯಿತು. ಯಂತ್ರದ ಬೆನ್ನಿಗೇ ಅವಳೂ ನುಸುಳಿದಳು.

ಒಳಗೆ ತಪಾಸಣೆ ಭರದಿಂದ ಸಾಗಿತ್ತು. ಅಪ್ಪ ಜೇಬಿನಿಂದ ಗೋಲಿ ತೆಗೆದು ನೆಲದ ಮೇಲೆ ಬಿಟ್ಟರು. ಅದು ಬಿಟ್ಟಲ್ಲೇ ಕೂತಿತು. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು, ಅದು ಗುಟುಕರಿಸುತ್ತ ಮೂಲೆಯ ಜಾಲರಿಗೆ ಇಳಿಯುವುದನ್ನು ಬಗ್ಗಿ ನೋಡಿದರು. ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ಎಲ್ಲಿಯೂ ಕೊಂಕಿಲ್ಲ. ಅಮ್ಮ ಒಲೆಕಟ್ಟೆಯ ಮುಂದೆ ನಿಂತವರು ಕದಲಲೇ ಇಲ್ಲ. “ರೀ, ನೋಡ್ರೀ, ಸೊಂಟ ಬಗ್ಗಿಸೋ ಹಾಗೇ ಇಲ್ಲ. ನನ್ನ ಅಳತೆ ತಗೊಂಡು ಹೊಲಿದ ಹಾಗಿದೆ!” ಅಜ್ಜಿಯ ಮಂಚದ ಮೇಲೆ ಹತ್ತು ಗಂಟೆಯ ಬಿಸಿಲು ಸರಿಯಾಗಿ ಅವರ ನೋಯುವ ಮಂಡಿ ಇರುವಲ್ಲಿಗೇ ಬೀಳುತ್ತಿತ್ತು. ಬೆಲ್ಲನಿಗೂ ಪೂರ್ವದ ಕಿಟಕಿಯಲ್ಲಿ ಗುಂಡನೆಯ ಹಾಸು ಇತ್ತು, ಅಂಗಳಕ್ಕೆ ಹೋಗಿಬರಲು ಕಿರುಬಾಗಿಲೂ ಇತ್ತು.

“ಗೋಡೆಯ ಬುಡಕ್ಕೆಲ್ಲ ಇದೇನ್ರೀ ಜಾಲರಿ?” ಅಪ್ಪ ಕೇಳಿದರು.

“ಇಲಿಗೆ. ನಿಮ್ಮ ಹಳೆ ಮನೆಯಲ್ಲಿ ದಿನಾ ಎಲ್ಲರೂ ಮಲಗಿದ ಮೇಲೆ ಒಂದು ಗಂಟೆ ಹೊತ್ತು ಕರಕರ ಅಂತ ಇಲಿ ಕೆರೆಯುವ ಸದ್ದು. ಒಂದು ದಿನವೂ ತಪ್ಪಿಲ್ಲ.”

“ನಮ್ಮನೇಲಿ ಇಲಿಯಾ? ಬೆಲ್ಲ ಇಟ್ಕೊಂಡು?” ಅಮ್ಮನಿಗೆ ಅವಮಾನವಾಯಿತು.

ಎಲ್ಲರೂ ಮಲಗಿದ ಮೇಲೆ ಕರಕರ ಎನ್ನುತ್ತಿದ್ದದ್ದು ದಿನಚರಿ ಬರೆಯುವ ಇಂಚರಳ ಪೆನ್ನು.

ಅವಳು ಬಾಗಿಲುಗಳನ್ನು ಎಣಿಸತೊಡಗಿದಳು. ಅಪ್ಪ ಅಮ್ಮನ ಕೋಣೆ. ಅಜ್ಜಿಯ ಕೋಣೆ. ದೇವರ ಮನೆ, ಅಡುಗೆಮನೆ, ಬಚ್ಚಲು. ಇನ್ನು ಅಡುಗೆಮನೆಯ ಹಿಂದೆ ಒಂದು ಕಿರಿದಾದ ಬಾಗಿಲು ಮಾತ್ರ ಉಳಿದಿತ್ತು. ಅದೇ ಇರಬೇಕು. ಚಿಕ್ಕದಾದರೇನು, ಪಾತ್ರೆಯ ಸದ್ದು ಕೇಳಿದರೇನು ಎಂದು ಅದನ್ನು ನೋಡುವ ಮೊದಲೇ ಮನಸ್ಸು ಹೊಂದಿಸಿಕೊಳ್ಳತೊಡಗಿತ್ತು.

ಆ ಬಾಗಿಲನ್ನು ತೆಗೆದದ್ದು ಅಮ್ಮ. ಒಳಗೆ ಬಟ್ಟೆ ಒಗೆಯುವ ಯಂತ್ರದ ಜಾಗ, ಕಸ ಗುಡಿಸುವ ಯಂತ್ರದ ಜಾಗ. ಅವುಗಳ ಪಕ್ಕದಲ್ಲಿ ಒಬ್ಬ ಮನುಷ್ಯ ನೆಟ್ಟಗೆ ನಿಲ್ಲುವಷ್ಟು ಅಗಲದ ಒಂದು ಗೂಡು. ಗೂಡಿನ ಗೋಡೆಯಲ್ಲಿ ವಿದ್ಯುತ್ ತುಂಬಿಸುವ ಸಾಕೆಟ್ಟು, ಅದರ ಮೇಲೊಂದು ಸಣ್ಣ ದೀಪ, ದೀಪದ ಮೇಲೆ ಗಾರೆಯಲ್ಲೇ ಮುದ್ದಾಗಿ ಮೂಡಿದ ಹೆಸರು: ಇಂಚರ.

“ಹಾಂ, ಇದನ್ನು ನಾನೇ ಕೇಳಬೇಕೆಂದಿದ್ದೆ” ಎಂದು ಬಾಳಿಗರು ಉತ್ಸಾಹದಿಂದ ಮುಂದೆ ಬಂದರು. “ಇದು ನಿಮ್ಮ ಸೇವಾಯಂತ್ರಕ್ಕೆ. ಯಾವ ಕಂಪನಿಯದ್ದು ಮಾರಾಯ್ರೆ? ಒಂದು ತಿಂಗಳಲ್ಲಿ ಒಂದು ಸಲವೂ ಕೆಟ್ಟಿಲ್ಲ, ಒಂದು ಸಲವೂ ಎದುರು ಮಾತಿಲ್ಲ. ನನ್ನದು ನೋಡಿ, ವಾರಕ್ಕೊಮ್ಮೆ ರಿಪೇರಿ. ನಿಮ್ಮದನ್ನು ಎಲ್ಲಿ ಕೊಂಡಿರಿ?”

“ಅದು ನನ್ನ ಮಗಳು ಕಣ್ರೀ” ಎಂದರು ಅಮ್ಮ. ದನಿ ಹೊರಟದ್ದು ಅರ್ಧ ಮಾತ್ರ.

ಬಾಳಿಗರು ಅಮ್ಮನನ್ನು ನೋಡಿದರು, ಗೂಡನ್ನು ನೋಡಿದರು. ಬಾಗಿಲ ಸಂದಿಯಲ್ಲಿ ದುಪಟ್ಟಾದ ತುದಿ ಹಿಂಡುತ್ತ ನಿಂತಿದ್ದ ಹುಡುಗಿಯನ್ನು ಅಂದು ಮೊದಲ ಬಾರಿಗೆ ನೋಡಿದರು. ಅವರ ಮುಖ ಸುಣ್ಣ ಬಳಿದ ಹಾಗಾಯಿತು.

“ಏನ್ ಮೆಷಿನ್ನ್ರೀ ನಿಮ್ಮದು!” ಅಪ್ಪನ ಗಂಟಲು ಇಡೀ ಬಡಾವಣೆಗೆ ಕೇಳಿಸಿತು. “ಬೆಕ್ಕಿಗೆ ಹಾಸಿಗೆ, ಮನೆಮಗಳಿಗೆ ಪ್ಲಗ್ಗಾ? ಮನುಷ್ಯರಿಗೂ ಮೆಷಿನ್ನಿಗೂ ವ್ಯತ್ಯಾಸ ಗೊತ್ತಾಗಲ್ವಾ ಅದಕ್ಕೆ? ಮನೇಲಿ ನಾವು ನಾಲ್ಕು ಜನ ಅಂತ ಒಂದು ಮಾತು ಕೇಳಬಾರದಿತ್ತಾ?”

“ಎಷ್ಟು ಜನ ಎಂದು ನಾವು ಕೇಳುವುದೇ ಇಲ್ಲ ಸ್ವಾಮಿ. ಕೇಳಿದರೆ ಬಾರದ ನೆಂಟರನ್ನೂ ಸೇರಿಸಿ ಹೇಳುತ್ತಾರೆ” ಎಂದರು ಬಾಳಿಗರು. ಹಣೆಯ ಬೆವರು ಒರೆಸಿಕೊಂಡು ನಿಧಾನವಾಗಿ ವಿವರಿಸಿದರು. “ದನಿಯಿಂದ ವ್ಯತ್ಯಾಸ ತಿಳಿಯುವುದಿಲ್ಲ, ಈಗಿನ ಯಂತ್ರಗಳಿಗೂ ನಮ್ಮದೇ ದನಿ. ಮಣಿ ನೋಡುವುದು ಬೇರೆಯದನ್ನು. ಯಂತ್ರಕ್ಕೆ ಜನ ಅಪ್ಪಣೆ ಕೊಡುತ್ತಾರೆ, ಅದು ಹೂಂ ಅನ್ನುತ್ತದೆ. ಜೀವ ಇರುವುದನ್ನು ಮಾತ್ರ ‘ನಿನಗೆ’ ಎಂದು ಕೇಳುತ್ತಾರೆ. ನಿನಗೆ ಹಸಿವಾಯಿತಾ? ನಿನಗೆ ಚಳಿಯಾ? ನಿನಗೆ ಏನು ಬೇಕು? ಮಾತು ಬಾರದ ಕೂಸನ್ನೂ ಮಣಿ ಹಾಗೇ ಹಿಡಿಯುವುದು. ನಿಮ್ಮ ಬೆಕ್ಕನ್ನೂ ಹಾಗೇ ಹಿಡಿದದ್ದು.”

“ಅಂದ್ರೆ? ನಾವು ಇವಳನ್ನ ಒಂದ್ಸಲಾನೂ ಕೇಳಿಲ್ಲ ಅಂತಾನಾ ನಿಮ್ಮ ಮಾತು? ಊಟ ಆಯ್ತಾ ಅಂತ ಕೇಳೇ ಕೇಳ್ತೀವಲ್ರೀ! ಯಾರ ಮನೇಲಿ ಕೇಳಲ್ಲ?”

“ಕೇಳಿಸಲೇ?” ಎಂದರು ಬಾಳಿಗರು. ಕೇಳಿಸುವ ಮನಸ್ಸು ಅವರಿಗಿರಲಿಲ್ಲ.

“ಕೇಳಿಸ್ರೀ!”

ಅವರು ಪೆಟ್ಟಿಗೆಯಿಂದ ಮಣಿಯನ್ನು ತೆಗೆದು ಅಂಗೈಯಲ್ಲಿ ತಿರುಗಿಸಿದರು. ಹೊಸ ಮನೆಯ ಗೋಡೆಗಳಿಂದ ಹಳೆಯ ಮನೆಯ ಸದ್ದು ಹೊರಟಿತು.

‘ಇಂಚೂ, ನೀರು.’ ‘ಹೂಂ.’ ‘ಇಂಚರಾ, ನನ್ನ ಕನ್ನಡಕ ಎಲ್ಲಿ ನೋಡು.’ ‘ಹೂಂ.’ ‘ಬಟ್ಟೆ ತೆಗಿಯೇ, ಮೋಡ ಆಗಿದೆ.’ ‘ಹೂಂ.’ ‘ಕಾಲು ಒತ್ತು ಬಾರೇ ಇಂಚೂ, ನಿಮ್ಮಜ್ಜ ಅಂದೊಂದಿನ ಏನಾಯ್ತು ಅಂದ್ರೆ...’ ‘ಹೂಂ... ಹೂಂ... ಹೂಂ...’ ‘ಬಡಿಸು.’ ‘ಹೂಂ.’ ‘ಊಟ ಆಯ್ತು, ಎತ್ತು.’ ‘ಹೂಂ.’ ನಡುವೆ ಎಲ್ಲಿಂದಲೋ ಅಪ್ಪನದೇ ದನಿ, ಬೆಣ್ಣೆಯಷ್ಟು ಮೆತ್ತಗೆ: ‘ಏನೋ ಬೆಲ್ಲ, ಬೇಜಾರಾ ನಿನಗೆ? ಹೂಂ? ಯಾರು ಬೈದ್ರು ನಿನಗೆ?’ ಮತ್ತೆ, ‘ಇಂಚರಾ, ಬೆಲ್ಲನಿಗೆ ಹಾಲು ಹಾಕು.’ ‘ಹೂಂ.’

ಇಂಚರ ತನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಅದು ಸಿಟ್ಟಿನ ದನಿಯಲ್ಲ, ದುಃಖದ್ದೂ ಅಲ್ಲ. ಗೇಟಿನ ಬಳಿಯ ಯಂತ್ರದ ಹೂಂಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಇವರು ಬೈದಿದ್ದರೆ ಮಣಿಗೆ ಇಲ್ಲೊಂದು ಜೀವವಿದೆಯೆಂದು ತಿಳಿಯುತ್ತಿತ್ತು, ತಾನು ಅತ್ತಿದ್ದರೂ ತಿಳಿಯುತ್ತಿತ್ತು. ಬೈಗುಳವೂ ಇಲ್ಲದ, ಅಳುವೂ ಇಲ್ಲದ ಮನೆಯಲ್ಲಿ ಅವಳು ಸದ್ದಿಲ್ಲದೆ ಇಲ್ಲವಾಗಿದ್ದಳು.

“ಸಾಕು, ನಿಲ್ಲಿಸಿ” ಎಂದರು ಅಮ್ಮ, ಒಲೆಕಟ್ಟೆಯನ್ನು ಹಿಡಿದುಕೊಂಡು.

“ಅಳಿಸಿ ಸರಿಮಾಡಬಹುದು” ಎಂದರು ಬಾಳಿಗರು ಆತುರದಿಂದ. “ಗಾರೆ ಇನ್ನೂ ಹಸಿಯಾಗಿಯೇ ಇದೆ. ಹೆಬ್ಬೆಟ್ಟು ಒತ್ತುವ ಮೊದಲು ನಿಮ್ಮ ಮಗಳು ತನಗೆ ಬೇಕಾದದ್ದನ್ನು ಹೇಳಿದರೆ ಸಾಕು, ಮನೆ ಜಾಗ ಮಾಡಿಕೊಡುತ್ತದೆ. ಆದರೆ ಅವರೇ ಹೇಳಬೇಕು. ಬೇರೆಯವರ ಬಾಯಿಂದ ಬಂದದ್ದನ್ನು ಅದು ತೆಗೆದುಕೊಳ್ಳುವುದಿಲ್ಲ.”

ಆ ಮಾತು ಬಿದ್ದದ್ದೇ ತಡ, ಎಲ್ಲರೂ ಅವಳ ಪರವಾಗಿ ಮಾತಾಡತೊಡಗಿದರು. “ಅವಳಿಗೇನ್ರೀ, ಚಾಪೆಯಷ್ಟು ಜಾಗ ಆದ್ರೂ ಆಯ್ತು” ಎಂದರು ಅಮ್ಮ ಕಣ್ಣೊರೆಸಿಕೊಳ್ಳುತ್ತ. “ಅತ್ತೆ ಕೋಣೇಲೇ ಇರ್ತಾಳೆ, ಅವರಿಗೂ ಜೊತೆ ಆಗತ್ತೆ. ಹೇಗೂ ನಾಳೆ ಮದುವೆಯಾಗಿ ಹೋಗೋಳು.” ಅಪ್ಪ ಗಡಿಯಾರ ನೋಡಿಕೊಂಡರು. ನೋಡಿಕೊಂಡದ್ದಕ್ಕೆ ನಾಚಿಕೊಂಡರು. ಮಗಳ ತಲೆಯ ಮೇಲೆ ಕೈಯಿಟ್ಟು, ಅವರಿಗೆ ಗೊತ್ತಿದ್ದಷ್ಟು ಮೃದುವಾಗಿ, “ಆಗಬಹುದಲ್ವೇನಮ್ಮಾ? ಅಜ್ಜಿ ಕೋಣೇಲಿ ಒಂದು ಮಂಚ ಹಾಕಿಸೋಣ. ಆ ಗೂಡನ್ನ ಮುಚ್ಚಿಸಿಬಿಡೋಣ. ಹೂಂ ಅನ್ನು ಮಗಳೇ, ರಾಹುಕಾಲ ಬರತ್ತೆ” ಎಂದರು. ಅವರ ಇನ್ನೊಂದು ಕೈಯ ಹೆಬ್ಬೆರಳು ಹೊರಬಾಗಿಲ ಹೊಸ್ತಿಲ ಫಲಕದ ದಿಕ್ಕಿಗೆ ಆಗಲೇ ಚಾಚಿಕೊಂಡಿತ್ತು.

“ಹೂಂ” ಎಂದಳು ಇಂಚರ.

ಗೂಡಿನೊಳಗೆ, ಅವಳ ಹೆಸರಿನ ಕೆಳಗೆ, ನೀಲಿ ದೀಪ ಹತ್ತಿಕೊಂಡಿತು.

ಅಪ್ಪನ ಹೆಬ್ಬೆರಳು ಬೆಂಕಿ ತಾಗಿದಂತೆ ಹಿಂದೆ ಸರಿಯಿತು. ಅಮ್ಮ ಬಾಯಿಗೆ ಕೈ ಒತ್ತಿಕೊಂಡರು. ಆ ದೀಪ ಆರಲಿಲ್ಲ. ಅದು ಮುಂದಿನ ಅಪ್ಪಣೆಗೆ ಕಾಯುತ್ತಿತ್ತು.

ಅಜ್ಜಿ ಗೋಡೆ ಹಿಡಿದು ಹತ್ತಿರ ಬಂದರು. ವರ್ಷಗಟ್ಟಲೆ ಕಥೆ ಹೇಳಿ ಹೂಂಗುಟ್ಟಿಸಿಕೊಂಡಿದ್ದವರು, ಈಗ ಕಥೆ ಮರೆತವರ ಹಾಗೆ ಮೊಮ್ಮಗಳ ಮುಖವನ್ನೇ ನೋಡಿದರು.

“ಇಂಚೂ” ಎಂದರು, “ನಿನಗೆ... ನಿನಗೆ ಏನು ಬೇಕೇ?”

ಬೆಳಗ್ಗೆಯಿಂದ ಹೆದರಿದ್ದ ಪ್ರಶ್ನೆ ಕೊನೆಗೂ ಬಂದಿತ್ತು. ಉತ್ತರವೂ ಸಿದ್ಧವಾಗಿತ್ತು, ದಿನಚರಿಯಲ್ಲಿ ಬರೆದಿಟ್ಟದ್ದು, ನಾಲಗೆಯ ತುದಿಯವರೆಗೆ ಬಂದೂ ಬಿಟ್ಟಿತ್ತು: ಯಾವುದಾದರೂ ಆದೀತು. ಇಂಚರ ಆ ನೀಲಿ ದೀಪವನ್ನು ನೋಡಿದಳು. ಬರೆದಿಟ್ಟ ಮಾತನ್ನು ನುಂಗಿದಳು. ಮನೆಯ ಗೋಡೆಗಳೆಲ್ಲ ಕಿವಿಯಾಗಿ ನಿಂತಿದ್ದವು.

“ನನಗೆ” ಎಂದಳು. ದನಿ ನಡುಗಿತು. ಅದು ಯಾವ ಯಂತ್ರದ್ದೂ ಅಲ್ಲದ ದನಿ. “ನನಗೆ ಒಳಗಿನಿಂದ ಚಿಲಕ ಹಾಕಿಕೊಳ್ಳೋ ಬಾಗಿಲು ಬೇಕು.”