ಮೋಸೆಲ್ ತೀರಕ್ಕೆ ಇಬ್ಬರು

ತನ್ನ ಹೆಸರು ಹೇಳಲು ಅಷ್ಟು ಹೊತ್ತು ತೆಗೆದುಕೊಳ್ಳುವ ಮನುಷ್ಯನನ್ನು ಸಂಯುಕ್ತಾ ಅವತ್ತಿನವರೆಗೆ ನೋಡಿರಲಿಲ್ಲ.

ಇಂಗ್ಲೆಂಡಿನ ಡರ್ಬಿಯ ಚರ್ಚ್ ಹಾಲ್‌ನಲ್ಲಿ ಶನಿವಾರ ಬೆಳಗಿನ ಜರ್ಮನ್ ಕ್ಲಾಸು. ಮೊದಲ ದಿನ. ಟೀಚರ್ ಗಿಸೆಲಾ, ಮದುವೆಯಾಗಿ ಈ ಊರಿಗೆ ಬಂದು ಇಲ್ಲೇ ಮುದುಕಿಯಾದ ಜರ್ಮನ್ ಹೆಂಗಸು, ಒಬ್ಬೊಬ್ಬರಿಂದಲೂ ‘ಇಖ್ ಹೈಸೆ’ ಎಂದು ಶುರುಮಾಡಿಸಿ ಹೆಸರು ಹೇಳಿಸುತ್ತಿದ್ದಳು. ಕಿಟಕಿ ಪಕ್ಕದ ನೀಲಿ ಸ್ವೆಟರಿನವನ ಸರದಿ ಬಂತು.

“ಇಖ್ ಹೈಸೆ...” ಎಂದ. ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಕತ್ತಿನ ನರ ಉಬ್ಬಿತು. ಯಾರೋ ಕೆಮ್ಮಿದರು. ಕೊನೆಗೆ “ರವಿ” ಎಂದುಬಿಟ್ಟು ತಲೆ ತಗ್ಗಿಸಿದ.

ಬ್ರೇಕ್‌ನಲ್ಲಿ ಸಂಯುಕ್ತಾ ಕಾಫಿ ಹಿಡಿದು ಲೀಡ್ಸ್‌ನಲ್ಲಿದ್ದ ಅಕ್ಕ ನಿಹಾರಿಕಾಳಿಗೆ ಫೋನ್ ಹಚ್ಚಿದಳು. ಸುತ್ತ ಇಂಗ್ಲಿಷರು, ಕನ್ನಡದಲ್ಲಿ ಏನು ಬೇಕಾದರೂ ಮಾತಾಡಬಹುದು ಅನ್ನುವ ಧೈರ್ಯ.

“ಅಕ್ಕಾ, ಇಲ್ಲೊಬ್ಬ ಇದಾನೆ ಕಣೇ, ನಮ್ಮ ಕಡೆಯವನ ಥರಾನೇ ಕಾಣ್ತಾನೆ. ತನ್ನ ಹೆಸರೇನು ಅಂತ ಅವನಿಗೇ ನೆನಪಿಲ್ಲ! ಜರ್ಮನ್ ಹಾಗಿರಲಿ, ಮೊದಲು ಅವನಿಗೆ ಮಾತಾಡೋದು ಹೇಳಿಕೊಡಬೇಕು.”

ಅಕ್ಕ ಆ ಕಡೆ ನಕ್ಕಳು. ಸಂಯುಕ್ತಾಳೂ ನಕ್ಕಳು. ಅಷ್ಟರಲ್ಲಿ ಬೆನ್ನ ಹಿಂದೆ ಕಪ್ಪಿನಲ್ಲಿ ಚಮಚ ತಿರುಗುವ ಸದ್ದು ನಿಂತಿತು.

“ನನ್ನ ಹೆಸರು ಶ್... ಶ್... ಶ್ರೀಶೈಲ,” ಎಂದಿತು ಒಂದು ದನಿ. “ನೆನಪದ ರೀ. ಬಾಯಿಗೆ ಬರೋದು ಸ್ವಲ್ಪ ತ-ತಡ. ಅದಕ್ಕ ಸಲೀಸು ಬರೋ ರವಿ ಅಂದುಬಿಟ್ಟೆ.”

ಅವಳು ತಿರುಗಿದಳು. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಂಥದ್ದನ್ನು ಸಾಕಷ್ಟು ಕೇಳಿ ದಣಿದವನ ನೋಟ ಅದು. “ಆ ಹಾಲು ಈ ಕಡೆ ಕೊಡ್ತೀರಾ?” ಎಂದ, ಆ ಮಾತು ಮಾತ್ರ ಒಂದೂ ತಡೆಯಿಲ್ಲದೆ ಬಂತು. ಅವಳು ಹಾಲಿನ ಜಗ್ಗು ಕೊಟ್ಟಳು. ಅವಸರದಲ್ಲಿ ಅವನ ಸ್ವೆಟರಿನ ಮೇಲೂ ಒಂದಿಷ್ಟು ಚೆಲ್ಲಿತು.

*

ಮುಂದಿನ ಶನಿವಾರ ಅವನ ಎದುರು ನಿಂತು ಕ್ಷಮೆ ಕೇಳಿದಳು. ಹೊರಟಾಗ ಬಾಯಿಪಾಠ ಮಾಡಿಕೊಂಡಿದ್ದ ಚಂದದ ವಾಕ್ಯಗಳೆಲ್ಲ ಅವನ ಮುಖ ನೋಡಿದ ಕೂಡಲೇ ಮರೆತುಹೋದವು. “ಅವತ್ತು ನಾನು... ತುಂಬಾ ಕೆಟ್ಟದಾಗಿ... ಸಾರಿ,” ಎಂದು ನಿಂತಳು.

“ನೀವೂ ತ-ತಡವರಿಸ್ತೀರಲ್ಲ!” ಎಂದ ಶ್ರೀಶೈಲ. ತುಟಿ ಗಂಭೀರವಾಗಿತ್ತು. ಹುಬ್ಬು ಮಾತ್ರ ನಗುತ್ತಿತ್ತು.

ಅವನು ಬಾಗಲಕೋಟೆಯವನು, ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಅವಳು ಬೆಂಗಳೂರಿನ ರಾಜಾಜಿನಗರದವಳು, ಐಟಿ ಕಾಂಟ್ರಾಕ್ಟ್ ಮೇಲೆ ಡರ್ಬಿಗೆ ಬಂದು ಇಲ್ಲೇ ಉಳಿದವಳು. ಮೂವತ್ತೈದು ದಾಟಿದ ಮೇಲೆ ಮನೆಯವರು ಅವಳ ಮದುವೆಯ ಮಾತೆತ್ತುವುದನ್ನೇ ಬಿಟ್ಟಿದ್ದರು.

ಕ್ಲಾಸಿನವರೆಲ್ಲ ಜೂನ್‌ನಲ್ಲಿ ಗಿಸೆಲಾಳ ತವರಿಗೆ, ಮೋಸೆಲ್ ನದಿಯ ಕಣಿವೆಗೆ ಹೋಗುವುದೆಂದಿತ್ತು. ದ್ರಾಕ್ಷಿ ತೋಟದ ಗುಡ್ಡ, ಹಳೇ ಕೋಟೆ, ನದಿಯ ಪಕ್ಕ ಸೈಕಲ್ ದಾರಿ, ಹಳ್ಳಿಯ ಊಟ. ಗುಂಪಿನಲ್ಲಿ ಸಸ್ಯಾಹಾರಿಗಳು ಇವರಿಬ್ಬರೇ. “ನಿಮ್ಮ ಊಟ ಎಲ್ಲಿ, ಏನು ಅಂತ ನೀವೇ ಹುಡುಕಿಕೊಳ್ಳಿ. ನನ್ನ ಊರಲ್ಲಿ ಸೊಪ್ಪಿಗೂ ಹಂದಿಮಾಂಸ ಹಾಕ್ತಾರೆ,” ಎಂದು ಗಿಸೆಲಾ ಕೈತೊಳೆದುಕೊಂಡಳು.

ಹಾಗಾಗಿ ಕ್ಲಾಸ್ ಮುಗಿದ ಮೇಲೆ ಡರ್ವೆಂಟ್ ನದಿಯ ಹತ್ತಿರದ ಕೆಫೆಯಲ್ಲಿ ಇಬ್ಬರೂ ಕೂರುವುದು ರೂಢಿಯಾಯಿತು. ಒಂದೇ ಫೋನಿನ ಮೇಲೆ ಎರಡು ತಲೆ ಬಾಗುತ್ತಿದ್ದವು.

“ಮೋಸೆಲ್. ಹೆಸರಲ್ಲೇ ಮೋಸ ಇದೆಯಲ್ರೀ,” ಎಂದಳು ಅವಳು.

“ಬ-ಬೆಂಗಳೂರಿನವರಿಗೆ ಎಲ್ಲದರಲ್ಲೂ ಮೋಸಾನೇ ಕಾಣ್ತದ.”

“ಇದು ನೋಡಿ, ಆಲೂಗಡ್ಡೆ ತುರಿದು ಹೆಂಚಿನ ಮೇಲೆ ಸುಡೋದು. ಅದಕ್ಕೆ ಸೇಬಿನ ಗೊಜ್ಜು.”

“ಸೇಬಿನ ಗೊಜ್ಜಾ? ನಾ ಬ್ಯಾಗಿನಾಗ ಶೇಂಗಾ ಚಟ್ನಿ ಒಯ್ತೀನಿ.”

“ಜರ್ಮನಿಗೆ ಹೋಗಿ ಶೇಂಗಾ ಚಟ್ನಿನಾ? ನಾಚಿಕೆ ಆಗಲ್ವಾ ನಿಮಗೆ?”

“ನ-ನನಗ ನಾಚಿಕಿ ಆಗೋ ವಿಷಯ ಬ್ಯಾರೆ ಅವ,” ಎಂದ ಅವನು ನಗುತ್ತಲೇ. ಅವಳು ಕಣ್ಣು ಕೆಳಗೆ ಹಾಕಿದಳು.

ಒಂದು ದಿನ, ಜರ್ಮನ್ ಯಾಕೆ ಕಲಿಯಬೇಕೆನಿಸಿತು ಎಂದು ಕೇಳಿದಳು. ಅವನು ಕಪ್ಪಿನ ಅಂಚನ್ನು ಬೆರಳಲ್ಲಿ ಸವರುತ್ತ ಹೇಳಿದ: “ಆ ಕ್ಲಾಸಲ್ಲಿ ಎಲ್ಲರೂ ತಡವರಿಸ್ತಾರೆ. ಇಂಗ್ಲಿಷರು, ಪೋಲೆಂಡಿನವರು, ಎಲ್ಲರೂ. ಅಲ್ಲಿ ನಾನೂ ಎ-ಎಲ್ಲರ ಹಂಗ.”

ಅವತ್ತು ಮನೆಗೆ ನಡೆದು ಹೋಗುವಾಗ ಅವಳಿಗೆ ಅವನ ಬೆರಳು ನೆನಪಾಗುತ್ತಿತ್ತು. ಮಾತು ಸಿಕ್ಕಿಕೊಂಡಾಗ ಅವನ ಕಣ್ಣು ಒಂದು ಕ್ಷಣ ಮುಚ್ಚಿ, ಮಾತು ಬಿಡಿಸಿಕೊಂಡ ಕೂಡಲೇ ಹೊಳೆಯುತ್ತಿದ್ದ ಬಗೆ ನೆನಪಾಗುತ್ತಿತ್ತು. ಅಕ್ಕ ಫೋನ್ ಮಾಡಿ “ಜರ್ಮನಿಗೆ ಯಾರ ಜೊತೆ ಹೋಗ್ತಿದೀಯ?” ಎಂದರೆ “ಗ್ರೂಪು” ಅನ್ನುತ್ತಿದ್ದಳು. ತಾನೇ ನಕ್ಕು ಆಡಿಕೊಂಡಿದ್ದ ಮನುಷ್ಯನ ಹೆಸರನ್ನು ಈಗ ಪ್ರೀತಿಯಿಂದ ಹೇಳುವುದು ಹೇಗೆ?

*

ಏಪ್ರಿಲ್‌ನಲ್ಲಿ ವೀಸಾಕ್ಕೆಂದು ಇಬ್ಬರೂ ಮ್ಯಾಂಚೆಸ್ಟರ್‌ಗೆ ಟ್ರೈನ್ ಹತ್ತಿದರು. ಶ್ರೀಶೈಲ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ದಾರಿಯುದ್ದಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ರೇಗಿಸಿಕೊಂಡರು. ಅವಳ ಪಾಸ್‌ಪೋರ್ಟ್ ಫೋಟೋ ನೋಡಿ “ಪೊ-ಪೊಲೀಸರು ಹುಡುಕೋರ ಹಂಗ ಕಾಣ್ತೀರಿ” ಎಂದ.

ವೀಸಾ ಸೆಂಟರ್ ತುಂಬಿಹೋಗಿತ್ತು. ಅವನ ನಂಬರು ಬಂತು. ಮುಂದಿನದು ಅವಳದೇ ಆದ್ದರಿಂದ ಅವಳೂ ಎದ್ದು ಅವನ ಹಿಂದೆ ನಿಂತಳು. ಗಾಜಿನಾಚೆಯ ಹುಡುಗಿ ಪೂರ್ತಿ ಹೆಸರು ಹೇಳಿ ಎಂದಳು.

ಅವನು ಬಾಯಿ ತೆರೆದ.

“ಶ್... ಶ್...”

ಹುಡುಗಿ ಕಾದಳು. ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಕತ್ತು ಚಾಚಿ ನೋಡಿದಳು. ಹಿಂದೆ ಯಾರೋ ಉಸ್ಸೆಂದರು. ಇನ್ಯಾರೋ ಕಿಸಕ್ಕೆಂದರು. ಎಲ್ಲರ ಕಣ್ಣೂ ಅವನ ಬೆನ್ನಿನ ಮೇಲೆ, ಅಲ್ಲಿಂದ ಜಾರಿ ತನ್ನ ಮೇಲೆ ಬರುತ್ತಿರುವಂತೆ ಸಂಯುಕ್ತಾಳಿಗೆ ಅನಿಸಿತು. ಕಿವಿಯ ತುದಿ ಸುಡತೊಡಗಿತು.

ಅವಳು ಮುಂದೆ ನುಗ್ಗಿ ಇಂಗ್ಲಿಷಿನಲ್ಲಿ ಹೇಳಿದಳು: “ಇವರಿಗೆ ಸ್ವಲ್ಪ ಪ್ರಾಬ್ಲಮ್ ಇದೆ. ನಾನು ಹೇಳ್ತೀನಿ. ಶ್ರೀಶೈಲ ಹೊಸಮನಿ. ಟೂರಿಸ್ಟ್ ವೀಸಾ.” ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದಳು: “ನಮ್ಮ ಕ್ಲಾಸಿನವರು, ಅಷ್ಟೇ.”

ಅವನ ಬಾಯಿ ಮುಚ್ಚಿತು. ಮುಂದಿನ ಪ್ರಶ್ನೆಗಳಿಗೆಲ್ಲ ತಲೆಯಾಡಿಸಿದ. ಬೆರಳಚ್ಚು ಕೊಡಲು ಕೈ ಮುಂದೆ ಮಾಡಿದ. ಮುಗಿಯಿತು.

ವಾಪಸ್ ಬರುವಾಗ ಟ್ರೈನು ಈಡೇಲ್‌ನ ಗುಡ್ಡಗಳ ನಡುವೆ ಹಾದುಹೋಯಿತು. ಹಸಿರು ಇಳಿಜಾರಿನಲ್ಲಿ ಆಗಷ್ಟೇ ಹುಟ್ಟಿದ ಕುರಿಮರಿಗಳು. “ಎಷ್ಟು ಚೆನ್ನಾಗಿದೆ ಅಲ್ವಾ?” ಎಂದಳು. ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಡರ್ಬಿ ಸ್ಟೇಷನ್ನಿನ ಹೊರಗೆ ನಿಂತು ಅವನು ಒಂದೊಂದೇ ಶಬ್ದ ಎತ್ತಿಟ್ಟ ಹಾಗೆ ಹೇಳಿದ: “ನಾನು... ಜ-ಜರ್ಮನಿಗೆ ಬರೋದಿಲ್ಲ ರೀ.”

“ನಾನು ಹೆಲ್ಪ್ ಮಾಡೋಣ ಅಂತ...”

ಅವನು ಅವಳ ಮುಖವನ್ನೇ ನೋಡಿದ. ಹೆಲ್ಪ್ ಅಲ್ಲ ಅದು ಎಂದು ಅವನಿಗೂ ಗೊತ್ತಿತ್ತು, ಅವಳಿಗೂ.

*

ಆಮೇಲೆ ಕಿಟಕಿ ಪಕ್ಕದ ಕುರ್ಚಿ ಖಾಲಿಯೇ ಉಳಿಯಿತು. ಮೆಸೇಜುಗಳಿಗೆ ಉತ್ತರ ಬರಲಿಲ್ಲ. ಕ್ಲಾಸಿನಲ್ಲಿ ತಾನೊಬ್ಬಳೇ ತಪ್ಪಿಲ್ಲದ ಜರ್ಮನ್ ಹೇಳಿದಾಗ ಗಿಸೆಲಾ ಹೊಗಳಿದಳು. ಆ ಹೊಗಳಿಕೆ ಕೆನ್ನೆಗೆ ಹೊಡೆದ ಹಾಗಿತ್ತು.

ಕಡೆಗೊಂದು ಸಂಜೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

“ಅವತ್ತು ನಾವು ನಕ್ಕೆವಲ್ಲ, ಅವನಾ?” ನಿಹಾರಿಕಾಳ ದನಿ ಸಣ್ಣದಾಯಿತು. ತಾನೂ ನಕ್ಕವಳೇ. “ಇಷ್ಟ ಆಗಿದ್ದಾನಾ?”

“ಇಷ್ಟ ಆಗಿದ್ದಾರೆ ಅಕ್ಕಾ. ಆದರೂ ನಾಲ್ಕು ಜನರ ಎದುರು ಅವರ ಪಕ್ಕ ನಿಲ್ಲೋಕೆ ನಾಚಿಕೆಪಟ್ಟೆ. ನಾನೆಂಥವಳು ಅಂತ ನನಗೇ ಹೇಸಿಗೆ ಆಗ್ತಿದೆ.”

“ಇದನ್ನ ನನಗೆ ಹೇಳಿದರೆ ಏನು ಬಂತು?” ಎಂದಳು ಅಕ್ಕ. “ಅವರಿಗೆ ಹೇಳು.”

ಭಾನುವಾರ ಮಧ್ಯಾಹ್ನ ಅವನು ಅಲಾಟ್‌ಮೆಂಟಿನಲ್ಲಿರುತ್ತಾನೆ ಎಂದು ಗಿಸೆಲಾ ಹೇಳಿದಳು. ಊರಾಚೆ ಕೌನ್ಸಿಲ್‌ನವರು ತರಕಾರಿ ಬೆಳೆಯಲು ಬಾಡಿಗೆಗೆ ಕೊಟ್ಟ ತುಂಡು ನೆಲಗಳು. ಅವನು ಮೊಣಕಾಲೂರಿ ಮೆಂತ್ಯದ ಮಡಿಯಲ್ಲಿ ಕಳೆ ಕೀಳುತ್ತಿದ್ದ. ಅವಳನ್ನು ಕಂಡು ಏಳಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ.

ಸಂಯುಕ್ತಾ ಒದ್ದೆ ಮಣ್ಣಿನ ಮೇಲೇ ಕೂತಳು.

“ಅವತ್ತು ನಿಮಗೋಸ್ಕರ ಮಾತಾಡಲಿಲ್ಲ ನಾನು,” ಎಂದಳು. “ಜನ ನೋಡ್ತಿದ್ರು. ನಿಮ್ಮ ಜೊತೆ ನನ್ನನ್ನೂ ಸೇರಿಸಿ ನೋಡ್ತಾರೆ ಅಂತ ನಾಚಿಕೆ ಆಯ್ತು. ಅದಕ್ಕೇ ಮಾತಾಡಿದೆ. ಕ್ಲಾಸಿನವರು ಅಷ್ಟೇ ಅಂದಿದ್ದೂ ಅದಕ್ಕೇ. ಅದು ಸುಳ್ಳು. ನೀವು ನನಗೆ ಅಷ್ಟೇ ಅಲ್ಲ.”

ಅವನು ಕಿತ್ತ ಕಳೆಯ ಬೇರಿನ ಮಣ್ಣು ಕೊಡವಿದ. ಮಾತಾಡಲು ಹೊರಟ, ಸಿಕ್ಕಿಕೊಂಡ. ಮುಂದಿನ ಶಬ್ದ ಯಾವುದೆಂದು ಅವಳಿಗೆ ಗೊತ್ತಿತ್ತು, ತುಟಿಯ ತನಕ ಬಂದಿತ್ತು. ಕೆಳತುಟಿ ಕಚ್ಚಿ ಹಿಡಿದಳು.

“ನಿಮ್ಮ ಮಾರಿ ನೋಡಿ ಗ-ಗೊತ್ತಾಗಿತ್ತು. ನಮ್ಮ ಅವ್ವನೂ ಮದುವಿ ಮನ್ಯಾಗ ನನಗ ಮಾತಾಡಾಕ ಬಿಡ್ತಿರಲಿಲ್ಲ. ಹಂಗ ಮುಂದ ಬರ್ತಿದ್ಲು.” ಕಳೆಯನ್ನು ಪಕ್ಕಕ್ಕೆ ಹಾಕಿದ. ಆಮೇಲೆ ಮೆಲ್ಲಗೆ: “ಖರೇ ಹೇಳಲಿ? ನೀವು ಮಾತಾಡಿದಾಗ ನನಗ ಹಾ... ಹಾಯ್ ಅನಿಸ್ತು. ಬಚಾವಾದೆ ಅನಿಸ್ತು. ಇಷ್ಟು ದೊಡ್ಡವ ಆಗಿ, ಇನ್ನೊಬ್ಬರ ಹಿಂದ ಅಡಗಿ ನಿಂತು ಹಾಯ್ ಅನಿಸ್ತು. ಆ ನ-ನಾಚಿಕಿಗೆ ನಿಮಗ ಮಾರಿ ತೋರಿಸಲಿಲ್ಲ.”

ಪಕ್ಕದ ಮಡಿಯ ಇಂಗ್ಲಿಷ್ ಮುದುಕ ರೂಬಾರ್ಬ್ ದಂಟಿನ ಹೊರೆ ಹೊತ್ತು ಹಾದುಹೋಗುತ್ತ, ಮಣ್ಣಲ್ಲಿ ಕೂತ ಇಬ್ಬರನ್ನೂ ನೋಡಿ ಟೋಪಿ ಎತ್ತಿದ. ಇಬ್ಬರ ಕಣ್ಣಲ್ಲೂ ನೀರಿತ್ತು. ಇಬ್ಬರಿಗೂ ನಗು ಬಂತು.

“ಬನ್ನಿ,” ಎಂದಳು. “ಜರ್ಮನಿಗೆ. ನಾನು ಪಕ್ಕದಲ್ಲಿರ್ತೀನಿ. ಬಾಯಿ ಹಾಕಲ್ಲ.”

“ಮತ್ತ ನಾಚಿಕಿ ಆದ್ರ?”

ಅವಳು ಸುಳ್ಳು ಹೇಳಲಿಲ್ಲ. “ಆಗಬಹುದು. ಆದರೂ ಪಕ್ಕದಲ್ಲೇ ಇರ್ತೀನಿ.”

ಅವನು ಒಂದು ಹಿಡಿ ಎಳೆ ಮೆಂತ್ಯ ಕಿತ್ತು, ಬೇರು ಕತ್ತರಿಸಿ, ಅವಳ ಮಡಿಲಿಗೆ ಹಾಕಿದ.

*

ಜೂನ್‌ನ ಬೆಳಿಗ್ಗೆ. ಮೋಸೆಲ್ ನದಿ ದೊಡ್ಡ ತಿರುವು ಹೊಡೆಯುವ ಕಡೆ ಕೋಕೆಮ್ ಎಂಬ ಪುಟ್ಟ ಊರು. ಗುಡ್ಡದ ನೆತ್ತಿಯಲ್ಲಿ ಕೋಟೆ, ಇಳಿಜಾರಿನುದ್ದಕ್ಕೂ ಬಾಚಿದ ಕೂದಲಿನಂತೆ ದ್ರಾಕ್ಷಿ ಸಾಲು, ನೀರಿನ ಮೇಲೆ ತೆಳ್ಳಗೆ ಮಂಜು. ಗುಂಪಿನವರು ಇನ್ನೂ ಹೋಟೆಲಿನಲ್ಲಿದ್ದರು. ಇಬ್ಬರೂ ಬೇಗ ಎದ್ದು ಹೊರಬಿದ್ದಿದ್ದರು.

ಓಣಿಯೊಂದರಲ್ಲಿ ಬೇಕರಿ ತೆರೆದಿತ್ತು. ಒಳಗೆ ಬಿಸಿ ಬ್ರೆಡ್ಡಿನ ಪರಿಮಳ. ಶ್ರೀಶೈಲ ಕೌಂಟರಿನ ಮುಂದೆ ನಿಂತ. ಸಂಯುಕ್ತಾ ಅವನ ಪಕ್ಕಕ್ಕೆ ನಿಂತಳು, ಹಿಂದಕ್ಕಲ್ಲ.

ಮೊದಲ ಎರಡು ಶಬ್ದ ಸಲೀಸಾಗಿ ಬಂದವು. ಮೂರನೆಯದು ಸಿಕ್ಕಿಕೊಂಡಿತು. ಬಾಗಿಲ ಗಂಟೆ ಕಿಣಿಕಿಣಿ ಎಂದು ಇಬ್ಬರು ಒಳಗೆ ಬಂದರು, ಮತ್ತೊಬ್ಬರು ಬಂದರು. ಸಾಲು ಬೆಳೆಯಿತು. ಯಾರದೋ ಬೂಟು ನೆಲ ಕೆರೆಯಿತು. ಸಂಯುಕ್ತಾಳ ಕುತ್ತಿಗೆ ಬಿಸಿಯಾಯಿತು, ಅದೇ ಹಳೆಯ ಬಿಸಿ. ಅದು ಎಲ್ಲಿಗೂ ಹೋಗಿರಲಿಲ್ಲ. ಅವಳು ಅದನ್ನು ಏರಲು ಬಿಟ್ಟಳು. ಆಮೇಲೆ ಎಲ್ಲರಿಗೂ ಕಾಣುವ ಹಾಗೆ ಅವನ ತೋಳಿನೊಳಗೆ ತನ್ನ ತೋಳು ಸೇರಿಸಿದಳು.

ಅವನ ಕಣ್ಣು ಒಮ್ಮೆ ಮುಚ್ಚಿ ತೆರೆಯಿತು. ಶಬ್ದ ಬಂತು. ಅದರ ಹಿಂದೆ ಉಳಿದವೂ ಬಂದವು: ಎಳ್ಳು ಮೆತ್ತಿದ ಎರಡು ಬ್ರೆಡ್ಡು, ಒಂದು ಚೆರ್ರಿ ಕೇಕು, ಎರಡು ಕಾಫಿ. ಬೇಕರಿಯ ಹೆಂಗಸು ಎಲ್ಲ ಕೊನೆಯತನಕ ಕೇಳಿಸಿಕೊಂಡು, ತಟ್ಟೆಗೆ ಜೋಡಿಸಿ, ಬಿಲ್ ಮಾಡಲು ಇಬ್ಬರ ಮುಖವನ್ನೂ ನೋಡಿ ಕೇಳಿದಳು. ಆ ದೇಶದಲ್ಲಿ ಜೋಡಿಯಾಗಿ ಬಂದವರನ್ನೆಲ್ಲ ಕೇಳುವ ಮಾಮೂಲಿ ಪ್ರಶ್ನೆ:

“ತ್ಸುಸಾಮ್ಮೆನ್ ಓಡರ್ ಗೆಟ್ರೆಂಟ್?” ಒಟ್ಟಿಗೋ, ಬೇರೆಬೇರೆಯೋ?

ಶ್ರೀಶೈಲ ಉತ್ತರ ಕೊಡಲಿಲ್ಲ. ಸಿಕ್ಕಿಕೊಂಡಿದ್ದಾನೆ ಎಂದುಕೊಂಡು ಅವಳು ಸುಮ್ಮನೆ ಕಾದಳು. ಆಮೇಲೆ ಅವನ ಮುಖ ನೋಡಿದಳು. ಕತ್ತಿನ ನರ ಉಬ್ಬಿರಲಿಲ್ಲ. ಬಾಯಿ ತೆರೆದಿರಲಿಲ್ಲ. ಹುಬ್ಬು ಮಾತ್ರ ಸಣ್ಣಗೆ ನಗುತ್ತಿತ್ತು. ಅವನು ತಡವರಿಸುತ್ತಿರಲಿಲ್ಲ, ಅವಳು ಹೇಳಲಿ ಎಂದು ಕಾಯುತ್ತಿದ್ದ.

ಅಂಗಡಿಯೇ ಅವಳತ್ತ ನೋಡುತ್ತಿತ್ತು. ಕ್ಲಾಸಿನಲ್ಲಿ ಒಂದೂ ತಪ್ಪಿಲ್ಲದೆ ಜರ್ಮನ್ ಒಪ್ಪಿಸುತ್ತಿದ್ದವಳು ಬಾಯಿ ತೆರೆದಳು.

“ತ್ಸು...” ಎಂದಳು. ದನಿ ಒಡೆಯಿತು. ಶ್ರೀಶೈಲ ಅವಸರ ಮಾಡಲಿಲ್ಲ. ಅವಳು ಉಸಿರು ತೆಗೆದುಕೊಂಡು, ಸಾಲಿನ ಕೊನೆಯವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

“ತ್ಸುಸಾಮ್ಮೆನ್.”