ಕೂಗಳತೆಯಾಚೆ ಒಂದು ಟೆಂಟಿನ ಜಾಗ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಲ್ಲಿ ಕಂಡರೆ ಕುರ್ಚಿ ಹತ್ತುತ್ತೇನೆ. ಜಯನಗರದ ನಮ್ಮ ಮನೆಯಲ್ಲಿ ಹಾಡಹಗಲೇ ಒಬ್ಬಳಿದ್ದರೂ ಟಿವಿ ಹಾಕಿಕೊಂಡು ಕೂರುತ್ತೇನೆ, ಏನಾದರೂ ಸದ್ದಿರಲಿ ಅಂತ. ಇಂಥ ಶರ್ವಾಣಿ ಏಳು ಭಾನುವಾರ ಕಾಡಿನಂಚು ಅಲೆದಳು ಅಂದರೆ ಅದಕ್ಕೆ ಕಾರಣ ಒಂದು ಸುಳ್ಳು.

ಜೆ.ಪಿ. ನಗರದ ನಮ್ಮ ಆಫೀಸಿಗೆ ಮುತ್ತುರಾಜ ಹೊಸಬ. ಬಾಗಲಕೋಟೆ ಕಡೆಯವನು. ಬಿಟಿಎಂ ಲೇಔಟಿನ ಪಿಜಿಯಲ್ಲಿ ಒಂದೇ ರೂಮಿನಲ್ಲಿ ನಾಲ್ವರು. ಒಂದು ದಿನ ಊಟದ ಹೊತ್ತಿನಲ್ಲಿ ಅವನ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಕಂಡಿತು. ಬೆಂಗಳೂರಿನಿಂದ ಮೂರು ಗಂಟೆಯೊಳಗೆ ತಲುಪಬಹುದಾದ, ಟೆಂಟ್ ಹಾಕಲು ವಿಶಾಲವಾದ, ಸದ್ದುಗದ್ದಲವಿಲ್ಲದ ಜಾಗಗಳ ಪಟ್ಟಿ.

“ಏನಿದು?” ಅಂದೆ.

“ನಮ್ಮ ರೂಮಿನಾಗ ಒಬ್ಬಾಂವ ಗೊರಕಿ ಹೊಡೀತಾನ, ಒಬ್ಬಾಂವ ಗೇಮ್ ಆಡ್ತಾನ, ಇನ್ನೊಬ್ಬಾಂವ ಅವರಿಬ್ಬರಿಗೂ ಬೈತಾನ್ರೀ. ತಿಂಗಳಿಗೆ ಒಂದು ದಿನಾನರ ನನ್ನ ಉಸಿರು ನನಗ ಕೇಳಬೇಕು ನೋಡ್ರಿ. ನನ್ನಂಥಾ ಪಿಜಿ ಮಂದಿ ಭಾಳ ಅದಾರ. ಅವರ ಸಲುವಾಗಿ ಈ ಪಟ್ಟಿ. ನಿಮಗೂ ಟೆಂಟಿನ್ಯಾಗ ಇದ್ದು ರೂಢಿ ಐತೇನು?”

ಕೇಳುತ್ತಾ ಕಣ್ಣೆತ್ತಿ ನೋಡಿದ. ಕೆನ್ನೆಯ ಮೇಲೆ ಒಂದು ಅನ್ನದ ಅಗುಳು. ಆ ಮುಖಕ್ಕೆ ಇಲ್ಲ ಅನ್ನಲು ನನ್ನಿಂದ ಆಗಲೇ ಇಲ್ಲ.

“ಓ, ಎಷ್ಟೋ ಸಲ!” ಅಂದುಬಿಟ್ಟೆ.

“ಗಟ್ಟಿಗಿತ್ತಿ ಅದೀರಿ ಬಿಡ್ರಿ! ಐತವಾರ ಬರ್ತೀರೇನು ಮತ್ತ, ಜಾಗಾ ನೋಡಾಕ?”

ಹೋದೆ. ಮೊದಲನೇ ಜಾಗದಲ್ಲಿ ಟೆಂಟುಗಳು ಎಷ್ಟು ಒತ್ತೊತ್ತಾಗಿದ್ದವು ಅಂದರೆ ಪಕ್ಕದವನ ಆಕಳಿಕೆಯೂ ಕೇಳುತ್ತಿತ್ತು. ಎರಡನೆಯದರಲ್ಲಿ ಡಿಜೆ. ಮೂರನೆಯದರಲ್ಲಿ ಬಯಲು ಸಖತ್ತಾಗಿತ್ತು, ಬೆನ್ನಿಗೇ ಜಲ್ಲಿ ಕ್ರಷರ್. ಪ್ರತಿ ಸಲವೂ ಅವನ ಬೈಕಿನ ಹಿಂದೆ ಕೂತು ವಾಪಸ್ಸು ಬರುವಾಗ, ಸದ್ಯ, ಜಾಗ ಚೆನ್ನಾಗಿರಲಿಲ್ಲ, ಮುಂದಿನ ವಾರವೂ ಕರೆಯುತ್ತಾನೆ ಅಂತ ಒಳಗೊಳಗೇ ಕುಣಿಯುತ್ತಿದ್ದೆ. ನನಗಿದ್ದ ದೊಡ್ಡ ಹೆದರಿಕೆ ಹಾವಿನದಲ್ಲ. ನಾನು ಪುಕ್ಕಲಿ ಅಂತ ಗೊತ್ತಾದ ದಿನ ಅವನು ನನ್ನನ್ನು ಬಿಟ್ಟು ಇನ್ಯಾರನ್ನೋ ಕರೆದುಕೊಂಡು ಹೋಗುತ್ತಾನೆ ಅನ್ನುವುದು.

ಜಾಗ ಅಳೆಯಲು ಅವನದೇ ಒಂದು ಕ್ರಮವಿತ್ತು. ಒಂದು ಟೆಂಟು ಇನ್ನೊಂದರ ಕೂಗಳತೆಯಲ್ಲಿ ಇರಬಾರದು. ನಾನು ಒಂದು ಕಡೆ ನೋಟ್‌ಬುಕ್ ಹಿಡಿದು ಕೂರಬೇಕು. ಅವನು ದೂರ ನಡೆಯುತ್ತಾ ಇಪ್ಪತ್ತು ಹೆಜ್ಜೆಗೊಮ್ಮೆ ನನ್ನ ಹೆಸರು ಕೂಗುತ್ತಾನೆ. ಕೇಳಿಸಿದಾಗೆಲ್ಲ ನಾನೊಂದು ಗೀಟು ಎಳೆಯಬೇಕು. ಕೇಳದಾದಾಗ ಸೀಟಿ ಊದಬೇಕು, ಅವನು ವಾಪಸ್ಸು ಬರುತ್ತಾನೆ. ನಡುವೆ ನಾನು ಮಾತ್ರ ಏನೇ ಆದರೂ ಉತ್ತರ ಕೊಡುವಂತಿಲ್ಲ.

“ಯಾಕೆ? ಒಂದ್ಸಲ ಓ ಅಂದ್ರೆ ಏನಾಗುತ್ತೆ?”

“ನೀವು ಓ ಅಂದ್ರ ನಾ ತಿರುಗಿ ಬಂದುಬಿಡ್ತೀನ್ರೀ. ಅಳತಿ ಕೆಡ್ತದ.” ಹೇಳಿ ಬೇರೆ ಕಡೆ ನೋಡಿದ. ಅವನ ಕಿವಿ ಕೆಂಪಾಗಿತ್ತು.

ಏಳನೇ ಭಾನುವಾರ ವಸಂತಪುರದ ಹತ್ತಿರ ಕನಕಪುರ ರಸ್ತೆ ಹಿಡಿದು ಎರಡೂವರೆ ಗಂಟೆ ಹೋದೆವು. ಉಗ್ರಪ್ಪ ಅನ್ನುವವರ ಬೀಳು ಜಮೀನು. ಏಳೆಕರೆ, ನಾಲ್ಕು ಮಾವಿನ ಮರ, ಆಚೆ ಒಂದು ಬಂಡೆ, ಅದರಾಚೆ ಕಾಡು. ಫೋನಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಮುತ್ತುರಾಜನ ಮುಖ ಹಬ್ಬದ ಮನೆಯಂತಾಯಿತು.

“ಇಲ್ಲಿ ಆನೆ ಗೀನೆ ಬರುತ್ತಾ ಅಣ್ಣ?” ಅಂತ ಉಗ್ರಪ್ಪನವರನ್ನು ಮೆಲ್ಲಗೆ ಕೇಳಿದೆ.

“ಬತ್ತವೆ ಕಣವ್ವ. ಹೊತ್ತು ಮುಳುಗಿದ್ಮೇಲೆ. ಈಗೇನಿಲ್ಲ,” ಅಂದು ಅವರು ದನಕ್ಕೆ ನೀರು ಕುಡಿಸಲು ಮನೆಗೆ ಹೋದರು. ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ.

ಮೂರು ಗಂಟೆಗೆ ಮುತ್ತುರಾಜ ಬಂಡೆಯ ಕಡೆ ಹೊರಟ. ನಾನು ಮಾವಿನ ಬುಡದಲ್ಲಿ ಕೂತೆ. “ಶರ್ವಾಣೀ...” ಒಂದು ಗೀಟು. “ಶರ್ವಾಣೀ...” ಇನ್ನೊಂದು. ಇಡೀ ಬಯಲಿಗೆ ಕೇಳುವ ಹಾಗೆ ಒಬ್ಬ ಹುಡುಗ ನನ್ನ ಹೆಸರು ಕೂಗುತ್ತಿದ್ದ. ಅದಕ್ಕಾಗಿ ಎಷ್ಟು ಹಾವಿದ್ದರೂ ಕೂರಬಹುದಿತ್ತು.

ಒಂಬತ್ತು ಗೀಟಾಯಿತು. ಹತ್ತನೆಯದರಿಂದ ಕೂಗು ಬೇಗಬೇಗ ಬರತೊಡಗಿತು. ದೂರವೂ ಹೋಗುತ್ತಿಲ್ಲ, ಹತ್ತಿರವೂ ಬರುತ್ತಿಲ್ಲ. ಒಂದೇ ಕಡೆ ನಿಂತು ಆಟ ಆಡಿಸುತ್ತಿದ್ದಾನೆ, ನಾನು ಓ ಅಂತೀನೇನೋ ಅಂತ ನೋಡುತ್ತಿದ್ದಾನೆ ಅಂದುಕೊಂಡೆ. ಕೂಗು ಗುರು, ಎಷ್ಟು ಬೇಕಾದರೂ ಕೂಗು ಅಂತ ನಗುತ್ತಾ ಗೀಟು ಎಳೆದೆ. ಹದಿನೇಳಾಯಿತು. ಆಮೇಲೆ ಕೂಗು ನಿಂತಿತು.

ಸೀಟಿ ಊದಿದೆ. ಬರಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಊದಿದೆ. ಬರಲಿಲ್ಲ.

ಬಂಡೆಯ ಕಡೆಯಿಂದ ಲಟಕ್ ಅಂತ ಕೊಂಬೆ ಮುರಿದ ಸದ್ದು. ಸಣ್ಣ ಕೊಂಬೆಯಲ್ಲ. ನೋಟ್‌ಬುಕ್ ನೋಡಿದೆ. ಒಂಬತ್ತು ಗೀಟು ಬಿಡಿಬಿಡಿಯಾಗಿ, ಎಂಟು ಒಂದರ ಮೇಲೊಂದು. ಇಪ್ಪತ್ತು ಹೆಜ್ಜೆ ಅಷ್ಟು ಬೇಗ ಯಾರೂ ನಡೆಯುವುದಿಲ್ಲ. ಅಯ್ಯೋ ದೇವರೇ! ಅವನು ಅಳತೆಗೆ ಕೂಗಿದ್ದಲ್ಲ. ನನ್ನನ್ನು ಕರೆದಿದ್ದ. ಎಂಟು ಸಲ ಕರೆದಿದ್ದ, ನಾನು ನಗುತ್ತಾ ಗೀಟು ಎಳೆದಿದ್ದೆ.

ಹಿಂದೆ ಉಗ್ರಪ್ಪನವರ ಮನೆ, ಮುಂದೆ ಬಂಡೆ. ಮತ್ತೆ ಲಟಕ್ ಅಂತು. ಸೀಟಿಯನ್ನು ಉಸಿರು ಕಟ್ಟುವವರೆಗೂ ಊದಿದೆ, ಉಗ್ರಪ್ಪನವರಿಗಾದರೂ ಕೇಳಲಿ ಅಂತ. ಆಮೇಲೆ ಬಂಡೆಯ ಕಡೆ ನಡೆದೆ. ಧೈರ್ಯ ಬಂತು ಅಂತ ಅಂದುಕೊಳ್ಳಬೇಡಿ. ಅಳುತ್ತಾ, ಬಿಕ್ಕುತ್ತಾ, “ಮುತ್ತುರಾಜ್! ಮುತ್ತುರಾಜ್!” ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಾ ನಡೆದೆ. ಉತ್ತರವಿಲ್ಲ. ಸತ್ತೇ ಹೋಗಿದ್ದಾನೆ ಅಂದುಕೊಂಡೆ.

ಲಂಟಾನ ಪೊದೆಯ ಸಂದಿಯಿಂದ ಒಂದು ಕೈ ಬಂದು ನನ್ನ ಕಾಲು ಹಿಡಿದು ಎಳೆಯಿತು. ಹಳೇ ಕಲ್ಲುಕ್ವಾರಿಯ ಗುಂಡಿಯೊಳಗೆ ಜಾರಿದೆ. ಕಿರುಚುವಷ್ಟರಲ್ಲಿ ಬಾಯಿಯ ಮೇಲೆ ಮುತ್ತುರಾಜನ ಅಂಗೈ.

“ಸುಮ್ಮಕಿರ್ರಿ,” ಅಂದ ಪಿಸುದನಿಯಲ್ಲಿ. “ಬಂಡಿಗಲ್ಲಿನ ಹಿಂದ ಆನಿ ಐತಿ.”

ಅವನ ಕಾಲು ಪಾದದ ಹತ್ತಿರ ಸೊಟ್ಟಗೆ ತಿರುಗಿತ್ತು. ಮುಖವೆಲ್ಲ ಬೆವರು. ಬಿದ್ದೀನಿ, ಬರ್ರಿ ಅಂತಲೇ ಕೂಗಿದ್ದನಂತೆ. ಅಷ್ಟು ದೂರಕ್ಕೆ, ಆ ಗಾಳಿಗೆ, ನನಗೆ ಕೇಳಿದ್ದು ಹೆಸರೊಂದೇ.

“ಆಮೇಲೆ ಯಾಕೆ ನಿಲ್ಲಿಸಿದ್ರಿ? ನಾನು ಅಷ್ಟು ಕೂಗಿದೆ, ಒಂದು ಮಾತಾದ್ರೂ...”

“ಆನಿ ಕಂಡ್ತಲ್ರೀ. ನಾ ಕೂಗಿದ್ರ ನೀವು ಈ ಕಡಿಗೇ ಬರ್ತೀರಿ. ಸುಮ್ಮನಿದ್ರ ವಾಪಸ್ ಹೋಗ್ತೀರಂತ ಮಾಡಿದ್ದೆ.”

ನನಗೆ ಸಿಟ್ಟು ಬಂತು. ಹೊಡೆಯುವಷ್ಟು ಬಂತು. ಹೊಡೆಯಲು ಜಾಗವಿಲ್ಲದೆ ಅವನ ಅಂಗಿ ಹಿಡಿದುಕೊಂಡೆ. ಮೇಲೆ ಕೊಂಬೆ ಮುರಿಯುತ್ತಲೇ ಇತ್ತು. ಆನೆಯ ಹೊಟ್ಟೆಯೊಳಗಿಂದ ಬಂದಂಥ ಒಂದು ಗುಡುಗುಡು ಸದ್ದು, ನೆಲವೇ ಅದುರಿದಂತೆ. ಇಬ್ಬರೂ ಉಸಿರು ಹಿಡಿದು ಮುದುರಿ ಕೂತೆವು. ಅವನ ಎದೆ ನನ್ನ ತೋಳಿಗೆ ಧಡಧಡ ಹೊಡೆಯುತ್ತಿತ್ತು. ಸಾಯುವ ಮುಂಚೆ ಸುಳ್ಳಾದರೂ ಕಳೆಯಲಿ ಅನ್ನಿಸಿತು.

“ನಾನು ಸುಳ್ಳು ಹೇಳಿದ್ದೆ,” ಅಂದೆ ಅವನ ಕಿವಿಯಲ್ಲಿ. “ಟೆಂಟಲ್ಲಿ ಒಂದು ದಿನಾನೂ ಇದ್ದಿಲ್ಲ. ನಂಗೆ ಹಲ್ಲಿ ಕಂಡ್ರೂ ಭಯ.”

“ಗೊತ್ತೈತ್ರೀ.”

“ಯಾವಾಗಿಂದ?”

“ಮೊದಲನೇ ಐತವಾರ. ಟೆಂಟಿಗೆ ಚಿಲಕಾ ಎಲ್ಲಿರ್ತದ ಅಂತ ಕೇಳಿದ್ರಿ.”

“ಮತ್ತೆ ಯಾಕೆ ಕರ್ಕೊಂಡ್ ಬಂದ್ರಿ ಪ್ರತಿ ವಾರ?”

“ಇಷ್ಟು ಅಂಜಿಕಿ ಇದ್ದಾಕಿ ಯಾಕ ಬರ್ತಾಳ ಅಂತ ನಾನೂ ವಿಚಾರ ಮಾಡ್ತಿದ್ದೆ. ಕೇಳಾಕ ಧೈರ್ಯ ಆಗಲಿಲ್ಲ ನೋಡ್ರಿ.”

ಅಷ್ಟರಲ್ಲಿ ತಗಡು ಬಡಿಯುವ ಸದ್ದು, “ಹೋಯ್! ಹೋಯ್!” ಅನ್ನುವ ಉಗ್ರಪ್ಪನವರ ದನಿ. ಸೀಟಿ ಕೇಳಿ ಇಬ್ಬರು ಆಳು ಕರೆದುಕೊಂಡು ಬಂದಿದ್ದರು. ಕೊಂಬೆಯ ಸದ್ದು ನಿಧಾನವಾಗಿ ಕಾಡೊಳಗೆ ಸರಿದುಹೋಯಿತು.

ಮುತ್ತುರಾಜನನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ ಮಲಗಿಸಿದರು. ನಾನು ಪಕ್ಕದಲ್ಲಿ ಕೂತೆ. ಡಾಂಬರು ರಸ್ತೆಗೆ ಬರುತ್ತಿದ್ದಂತೆ ನನ್ನ ಫೋನಿಗೆ ಜೀವ ಬಂತು. ಅಮ್ಮ.

“ಎಲ್ಲಿದ್ದೀಯೇ? ಫ್ರೆಂಡ್ ಶ್ವೇತಾ ಮನೇಗೆ ಹೋಗ್ತೀನಿ ಅಂದಿದ್ದೆ, ಅವಳಿಗೆ ಫೋನ್ ಮಾಡಿದ್ರೆ ನೀನು ಅಲ್ಲಿಗೆ ಬಂದೇ ಇಲ್ವಂತೆ!”

ಆನೆಗಿಂತ ಹೆಚ್ಚು ಹೆದರಿಕೆ ಈಗಾಯಿತು. “ಆಫೀಸಿನವರ ಜೋಡಿ ಬಂದೀನಿ ಅನ್ರಿ,” ಅಂತ ಮುತ್ತುರಾಜ ಪಿಸುಗುಟ್ಟಿದ.

“ಕನಕಪುರದ ಹತ್ರ ಇದ್ದೀನಮ್ಮ. ಮುತ್ತುರಾಜ್ ಅಂತ ಒಬ್ರು, ಅವರ ಕಾಲಿಗೆ ಪೆಟ್ಟಾಗಿದೆ. ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದ್ದೀನಿ.”

“ಯಾರೇ ಅದು ಮುತ್ತುರಾಜ್?”

ಕಣ್ಣು ಮುಚ್ಚಿಕೊಂಡೆ. “ನಾನು ಮದುವೆ ಆಗಬೇಕು ಅಂತಿರೋರು.”

“ನಿಂಗೇನೂ ಆಗಿಲ್ಲ ತಾನೇ?” ಅಂದಳು ಅಮ್ಮ. “ಮೊದಲು ಅವರ ಕಾಲು ತೋರಿಸು. ಮನೆಗೆ ಬಾ, ಬೈಯೋದು ಬೇಕಾದಷ್ಟಿದೆ.”

ಫೋನ್ ಇಟ್ಟೆ. ಮುತ್ತುರಾಜನ ಕಡೆ ನೋಡುವ ಧೈರ್ಯ ಬರಲಿಲ್ಲ. ಟ್ರೇಲರಿನ ಕಂಬಿ ಹಿಡಿದು ರಸ್ತೆ ನೋಡುತ್ತಾ ಕೂತೆ.

“ನನ್ನ ಒಂದು ಮಾತು ಕೇಳಲೇ ಇಲ್ಲಲ್ರೀ,” ಅಂದ ಹಿಂದಿನಿಂದ.

“ಕೇಳಿದ್ರೆ ನೀವು ಇಲ್ಲ ಅಂದ್ಬಿಟ್ರೆ ಅಂತ ಭಯ ಆಯ್ತು. ಈಗಲೂ ಆಗ್ತಿದೆ.”

ಟ್ರ್ಯಾಕ್ಟರ್ ಒಂದು ಹಳ್ಳಕ್ಕೆ ಇಳಿದು ಹತ್ತಿತು, ಅವನು ನೋವಿಗೆ ಹಲ್ಲು ಕಚ್ಚಿದ. ಆಮೇಲೆ ಒಂದು ಕೈಯಲ್ಲಿ ನನ್ನ ಕೈ ಹಿಡಿದು, ಇನ್ನೊಂದರಲ್ಲಿ ತನ್ನ ಫೋನ್ ತೆಗೆದು ಕಿವಿಗಿಟ್ಟುಕೊಂಡ.

“ಯವ್ವಾ, ನಿಂತೀಯೇನು? ಕುಂಡ್ರು ಮೊದಲ. ನಿನ್ನ ಸೊಸಿ ಜೋಡಿ ಮಾತಾಡು.”