ಹನ್ನೊಂದು ಗಂಟೆಯ ನಡುಕ

"ಸೋಮಾರಿ ಅಂದಿದ್ರೂ ಸಹಿಸ್ಕೋತಿದ್ದೆ ದೊಡ್ಡಮ್ಮಾ. ಮಾತ್ರೆ ಕೊಡದೆ ತಾತನ್ನ ನಡುಗಿಸ್ತಾಳೆ ಅಂದ್ಬಿಟ್ರಲ್ಲ!" ಎನ್ನುತ್ತಾ ಎದುರು ಮನೆಯ ನರ್ಸ್ ನಮ್ಮ ಸೋಫಾದ ಮೇಲೆ ಕುಸಿದಳು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಮೂವತ್ತು ವರ್ಷ ಮನೆಮನೆಯ ವಿದ್ಯುತ್ ಮೀಟರ್ ಓದಿ ನಿವೃತ್ತಳಾದವಳು. ಈಗ ಕಟ್ಟಡದ ನಾಲ್ಕೂ ಮಹಡಿಗಳ ರಹಸ್ಯಕ್ಕೆ ಮೂಗು ತೂರಿಸುವುದು ಅವಳ ಕೆಲಸ, ಅವಳ ಹಿಂದೆ ಓಡಾಡುವುದು ನನ್ನದು.

ಎದುರು ಮನೆಯ ಟೈಲರ್ ತಾತನಿಗೆ ಪಾರ್ಕಿನ್ಸನ್ಸ್ ಕಾಯಿಲೆ. ನಡುಕ ಯಾವಾಗ ಎಷ್ಟಿರುತ್ತದೆಂದು ತಿಳಿಯಲು ಆಸ್ಪತ್ರೆಯವರು ಎರಡು ವಾರ ಎಡಗೈಗೆ ವಾಚಿನಂಥ ಸೆನ್ಸರ್ ಪಟ್ಟಿ ಕಟ್ಟಿದ್ದರು. ಅದರ ಗ್ರಾಫ್ ಮಗಳ ಫೋನಿಗೆ ಬರುತ್ತಿತ್ತು. ಹತ್ತಕ್ಕೆ ಮಾತ್ರೆ ನುಂಗಿದರೆ ಹನ್ನೊಂದರ ಹೊತ್ತಿಗೆ ಕೈ ಹದಕ್ಕೆ ಬರಬೇಕು. ಆದರೆ ದಿನವೂ ಸರಿಯಾಗಿ ಹನ್ನೊಂದಕ್ಕೇ ಗೆರೆ ನೆತ್ತಿಗೇರುತ್ತಿತ್ತು. ಭಾನುವಾರ ಮಾತ್ರ ತಣ್ಣಗೆ. ಭಾನುವಾರ ನರ್ಸಿಗೆ ರಜೆ, ಮಗಳೇ ಮಾತ್ರೆ ಕೊಡುತ್ತಿದ್ದಳು. ಗಣಿತದ ಟೀಚರ್ ಆದ ಆ ಮಗಳು ಕೂಡಿ ಕಳೆದು ನರ್ಸೇ ತಪ್ಪಿತಸ್ಥೆ ಎಂದು ತೀರ್ಮಾನಿಸಿ, ಅವಳನ್ನು ಕೆಲಸದಿಂದ ತೆಗೆದು, ಕಳಿಸಿದ ಏಜೆನ್ಸಿಗೂ ದೂರು ಕೊಟ್ಟುಬಿಟ್ಟಿದ್ದಳು. ಇಂಥ ದೂರು ಹೊತ್ತವಳನ್ನು ಇನ್ನು ಯಾವ ಮನೆಯವರು ಒಳಗೆ ಬಿಟ್ಟಾರು?

"ಹನ್ನೊಂದಕ್ಕೆ ನೀನೆಲ್ಲಿರ್ತೀಯ?" ದೊಡ್ಡಮ್ಮ ಕೇಳಿದಳು.

"ಕೆಳಗೆ ಬಟ್ಟೆ ಒಗೀತಿರ್ತೀನಿ, ಮುಕ್ಕಾಲು ಗಂಟೆ. ತಾತಾನೇ 'ಹೋಗಮ್ಮಾ, ನಾನು ಮಲಗ್ತೀನಿ' ಅಂತಾರೆ."

ಸಂಜೆ ಎದುರು ಮನೆಗೆ ಹೋದೆವು. ನಡುಕವಷ್ಟೇ ಅಲ್ಲ, ಕೈ ಎತ್ತಿ ಇಳಿಸಿದ್ದೂ ದಾಖಲಾಗಿದ್ದ ಗ್ರಾಫನ್ನು ದೊಡ್ಡಮ್ಮ ಮಗಳ ಫೋನಿನಲ್ಲಿ ಪೂರ್ತಿ ನೋಡಿದಳು. ತಾತ ನಗುನಗುತ್ತಲೇ ಕೈ ಚಾಚಿದರು. ನಡೆದದ್ದೇನೂ ಅವರಿಗೆ ತಿಳಿದಂತಿರಲಿಲ್ಲ. ಪಟ್ಟಿಯ ಕೊಂಡಿಗೆ ನೀಲಿ ನೂಲಿನ ಚೂರೊಂದು ಸಿಕ್ಕಿಕೊಂಡಿತ್ತು. ನನಗದು ಕಸ, ದೊಡ್ಡಮ್ಮ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಒಳಕೋಣೆಯಲ್ಲಿ ಹೊಲಿಗೆ ಮೆಷಿನ್ ಮುಸುಕು ಹೊದ್ದು ನಿಂತಿತ್ತು. ತಾತನ ಬೆರಳಿಗೆ ಸೂಜಿ ಹೊಕ್ಕ ದಿನದಿಂದ ಮೆಷಿನ್ ಮುಟ್ಟಬಾರದೆಂದು ಮಗಳು ಕಟ್ಟಪ್ಪಣೆ ಮಾಡಿದ್ದಳಂತೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ದೊಡ್ಡಮ್ಮ ಎಲ್ಲರನ್ನೂ ಅದೇ ಕೋಣೆಯಲ್ಲಿ ಸೇರಿಸಿದಳು. ಟೀಚರ್ ರಜೆ ಹಾಕಿ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ನರ್ಸ್ ಬಾಗಿಲಲ್ಲೇ ನಿಂತಳು.

"ಗ್ರಾಫ್ ನೋಡಿ ಟೀಚರಮ್ಮಾ," ದೊಡ್ಡಮ್ಮ ಶುರುಮಾಡಿದಳು. "ಬೇರೆ ಹೊತ್ತಿನ ನಡುಕ ಏರುತ್ತೆ, ಇಳಿಯುತ್ತೆ. ಹನ್ನೊಂದರದ್ದು ಮಾತ್ರ ಸ್ವಿಚ್ ಹಾಕ್ದಂಗೆ ಶುರು, ಆರಿಸ್ದಂಗೆ ನಿಲ್ಲುತ್ತೆ. ಆ ಮುಕ್ಕಾಲು ಗಂಟೆ ಕೈ ಒಂದ್ಸಲಾನೂ ಮೇಲೆದ್ದಿಲ್ಲ. ಅಷ್ಟು ಹೊತ್ತು ಮೂಗು ಕೆರ್ಕೊಳ್ದೆ ಇರೋ ಮನುಷ್ಯರನ್ನ ನಾನಂತೂ ಕಂಡಿಲ್ಲ. ಪಟ್ಟಿಗೆ ಅಲುಗಾಟ ಗೊತ್ತಾಗುತ್ತೆ, ಯಾರ ಅಲುಗಾಟ ಅಂತ ಗೊತ್ತಾಗಲ್ಲ. ಭಾನುವಾರ ನರ್ಸ್ ಇರಲ್ಲ, ನಿಜ. ಆದ್ರೆ ಅವತ್ತು ನೀವು ಮನೇಲಿರ್ತೀರಿ! ನಿಮಗೆ ಹೆದರಿ ನಿಲ್ಲೋ ನಡುಕ ಯಾವುದು? ನೀಲಿ ನೂಲು ಉತ್ತರ ಹೇಳ್ತು. ಟೈಲರ್ ಕೆಲಸಕ್ಕೆ ಕೂರೋವಾಗ ಎಡಗೈಗೆ ಏನು ಕಟ್ಕೋತಾರೆ, ತಾತಾ?"

ತಾತ ಕಳ್ಳನಗೆ ನಕ್ಕು ಜೇಬಿನಿಂದ ಸೂಜಿ ಚುಚ್ಚಿಡುವ ಸಣ್ಣ ಮೆತ್ತೆ ತೆಗೆದರು. "ಇದಿರೋ ಕೈಲಿ ವಾಚ್ ಕಟ್ಟಲ್ಲ. ಐವತ್ತು ವರ್ಷದ ಅಭ್ಯಾಸ. ಬಿಚ್ಚಿ ಮೆಷಿನ್ ಮೇಲಿಡೋದು."

"ಇಟ್ಟು ತೋರ್ಸಿ."

ತಾತ ಪಟ್ಟಿ ಬಿಚ್ಚಿ ಮೆಷಿನ್ ಮೇಲಿಟ್ಟು ಪೆಡಲ್ ತುಳಿದರು. ಮೆಷಿನ್ ಗಡಗಡ ಎಂದಿತು. ಫೋನಿನಲ್ಲಿ ಗೆರೆ ನೆತ್ತಿಗೇರಿತು. ಟೀಚರ್ ಮಾತ್ರ ಫೋನ್ ನೋಡಲಿಲ್ಲ. ಬಟ್ಟೆಯನ್ನು ಸೂಜಿಯಡಿ ಒಂದೇ ಸಮನೆ ಸಾಗಿಸುತ್ತಿದ್ದ ಅಪ್ಪನ ಕೈಗಳನ್ನೇ ನೋಡಿದಳು.

"ಮಾತ್ರೆ ಕೆಲಸ ಮಾಡಿ ಕೈ ಮಾತು ಕೇಳೋದು ಈ ಹೊತ್ತಲ್ಲೇ ಕಣಮ್ಮಾ," ಎಂದರು ತಾತ. ಅವರು ಕದ್ದು ಹೊಲಿದದ್ದು ಹನ್ನೊಂದು ದಿಂಬಿನ ಚೀಲಗಳು. ಮನೆಯಲ್ಲಿದ್ದ ದಿಂಬು ಮೂರು.

"ಇದಕ್ಕಾಗಿ ಇವಳನ್ನ ಕೆಲಸದಿಂದ ತೆಗೆದ್ರು," ಎಂದಳು ದೊಡ್ಡಮ್ಮ.

ತಾತನ ಕಾಲು ಗಕ್ಕನೆ ನಿಂತಿತು. "ನನ್ನಿಂದಾನಾ? ನಂಗೆ ಯಾರೂ ಹೇಳ್ಲಿಲ್ವಲ್ಲಾ!"

ಟೀಚರ್ ಎದ್ದು ಅಲ್ಲಿಯೇ ಏಜೆನ್ಸಿಗೆ ಫೋನ್ ಮಾಡಿದಳು. "ಅವಳು ಮಾತ್ರೆ ಸರಿಯಾಗೇ ಕೊಟ್ಟಿದ್ದಾಳೆ. ಲೆಕ್ಕ ತಪ್ಪಿದ್ದು ನಾನು. ದೂರು ವಾಪಸ್." ಮತ್ತೆ ನರ್ಸ್ ಕಡೆ ತಿರುಗಿ, "ತಪ್ಪಾಯ್ತಮ್ಮಾ. ನಾಳೆ ಬರ್ತೀಯಾ?" ಎಂದಳು.

"ಬರ್ತೀನಿ, ಒಂದು ಷರತ್ತಿದೆ," ನರ್ಸ್ ಕಣ್ಣೊರೆಸಿಕೊಂಡಳು. "ಹತ್ತಕ್ಕೆ ಮಾತ್ರೆ, ಹನ್ನೊಂದಕ್ಕೆ ಹೊಲಿಗೆ. ಬಟ್ಟೆ ಮಧ್ಯಾಹ್ನ ಒಗೀತೀನಿ. ಸೂಜಿಗೆ ದಾರ ನಾನೇ ಪೋಣಿಸ್ಕೊಡ್ತೀನಿ."